ಒಪ್ಪಿಸದೆ ಉಳಿದ ಹೆಸರು

ಚಿಕ್ಕೆಂಪನಿಗೆ ಅರಿಶಿನ ಹಚ್ಚಿದ ದಿನ ಅವನ ದನಿ ನನಗೆ ಬಂತು. ಬೆಳಗಿನ ಬಿಸಿಲು ಚಪ್ಪರದ ಸೊಪ್ಪಿನ ಸಂದಿಯಿಂದ ಚೂರುಚೂರಾಗಿ ಇಳಿಯುತ್ತಿತ್ತು. ಅವನ ಸೋದರತ್ತೆ ಎರಡೂ ಕೆನ್ನೆಗೆ ಅರಿಶಿನ ಸವರಿ, ಕೊನೆಗೆ ಗಂಟಲ ಮೇಲೆ ಒಂದು ಬೆರಳು ಎಳೆದಳು. ಅವನು ಏನೋ ಹೇಳಲು ಬಾಯಿ ತೆರೆದ, ಬರಲಿಲ್ಲ. ಪಕ್ಕದ ಮಣೆಯ ಮೇಲೆ ಕೂತಿದ್ದ ನನಗೆ ಬಿಸಿ ಹಾಲು ಗಂಟಲಲ್ಲಿ ಇಳಿದ ಹಾಗಾಯಿತು. “ಒಂದು ಗುಟುಕು ನೀರು ಕೊಡಿ” ಅಂದೆ. ಅಂದದ್ದು ಚಿಕ್ಕೆಂಪನ ದನಿ. ಹೆಂಗಸರು ಸೋಬಾನೆ ನಿಲ್ಲಿಸಿ, “ಬಂತು ಕಣವ್ವ, ಜೊತೆಗಾರನಿಗೆ ಬಂತು” ಎಂದು ನಕ್ಕು, ಬಿಟ್ಟ ಕಡೆಯಿಂದ ಹಾಡು ಎತ್ತಿಕೊಂಡರು.

ನಮ್ಮ ಊರಿನಲ್ಲಿ ಅರಿಶಿನದಿಂದ ಧಾರೆಯವರೆಗೆ ಮೂರು ದಿನ ಮದುಮಗ ಮೂಗ. ಅವನ ಮಾತನ್ನೆಲ್ಲ ಜೊತೆಗಾರ ಆಡಬೇಕು. ಅದಕ್ಕೇ ಇಲ್ಲಿ ಹೆಣ್ಣು ಹುಡುಕುವುದಕ್ಕಿಂತ ಜೊತೆಗಾರನನ್ನು ಹುಡುಕುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಚಿಕ್ಕೆಂಪನಿಗೆ ಮಾತ್ರ ಒಂದು ದಿನವೂ ಹಿಡಿಯಲಿಲ್ಲ. ಲಗ್ನ ಗೊತ್ತಾದ ಸಾಯಂಕಾಲವೇ ನಮ್ಮ ಮನೆಯ ಜಗಲಿಗೆ ಬಂದು ಕೂತು, “ನೀನೇ ಆಗ್ಬೇಕು ಕಣ್ಲಾ ಬೋರಲಿಂಗ. ನಿನ್ನ ಬುಟ್ಟು ಇನ್ಯಾರ ತಾವ ಬುಡ್ಲಿ ನನ್ನ ದನಿಯ?” ಅಂದಿದ್ದ. ನಾನು ಹುಲ್ಲು ಹೊಸೆಯುತ್ತಿದ್ದವನು ತಲೆ ಎತ್ತದೆ ‘ಹೂಂ’ ಅಂದಿದ್ದೆ.

ತಲೆ ಎತ್ತದ್ದಕ್ಕೆ ಕಾರಣವಿತ್ತು. ಆ ಹೆಣ್ಣನ್ನು ಮೊದಲು ನೋಡಲು ಹೋದವನು ನಾನು. ಹೊಳೆಯಾಚೆಯ ಕೇರಿಗೆ ನಾನು, ನಮ್ಮವ್ವ, ಸೋದರಮಾವ ಮೂವರು ಹೊರಟಿದ್ದೆವು. ಮೂವರು ಹೋಗಬಾರದು ಅಂತ ಮಾವ ಚಿಕ್ಕೆಂಪನನ್ನೂ ಕರೆದ. ಹುಡುಗಿ ಒಳಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ಸೀರೆಯ ಅಂಚು, ಒಂದು ಕಾಲಿನ ಹೆಬ್ಬೆರಳು ಅಷ್ಟೇ ಕಾಣುತ್ತಿದ್ದದ್ದು. ಅವಳ ಅಪ್ಪ, “ಹುಡುಗ ಏನ್ ಮಾಡ್ಕೊಂಡವ್ನೆ?” ಎಂದು ಕೇಳಿದ. ನಾನು ಆ ಹೆಬ್ಬೆರಳು ನೋಡುತ್ತಾ ಕೂತಿದ್ದೆ. ನಾಲಿಗೆ ಮೇಲಂಗುಳಿಗೆ ಅಂಟಿಕೊಂಡಿತ್ತು. ಗಳಿಗೆ ಕಳೆಯಿತು. ಕೊನೆಗೆ ಚಿಕ್ಕೆಂಪ ಬಾಯಿಬಿಟ್ಟ. ನಮ್ಮ ಜೋಡಿ ಕಪಿಲೆ ಬಾವಿಯ ಕತೆ, ಎತ್ತುಗಳ ಕತೆ, ಬೋರಲಿಂಗ ಕಟ್ಟಿದ ಬದು ಮಳೆಗೂ ಕೊಚ್ಚುವುದಿಲ್ಲ ಅನ್ನುವ ಕತೆ ಎಲ್ಲ ಹೇಳಿದ. ಹೊಗಳಿದ್ದು ನನ್ನನ್ನೇ, ಒಂದು ಅಕ್ಷರ ತನ್ನದು ಸೇರಿಸಲಿಲ್ಲ. ಮೂರನೆಯ ದಿನ ಆ ಕಡೆಯಿಂದ ಮಾತು ಬಂತು: ಮಾತಾಡಿದ ಹುಡುಗನಿಗಾದರೆ ಹುಡುಗಿ ಒಪ್ಪಿದ್ದಾಳೆ.

ಚಿಕ್ಕೆಂಪ ಎರಡು ತಿಂಗಳು ಒಲ್ಲೆ ಅಂದ. ನಮ್ಮವ್ವನೇ ಕೊನೆಗೆ, “ಹೋಗ್ಲಿ ಬುಡಪ್ಪ, ಹೆಣ್ಣು ಮನಸ್ ಮಾಡವ್ಳೆ, ನೀನ್ಯಾಕೆ ಅವಳ ಬಾಯಿಗೆ ಮಣ್ಣಾಕ್ತೀಯ” ಅಂದಳು. ನಾನೂ ‘ಮಾಡ್ಕೊ’ ಅಂದೆ. ಬೇರೆ ಏನು ಹೇಳಿದ್ದರೂ ಊರು ನಗುತ್ತಿತ್ತು. ಅವನು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದರೆ ಅವನ ಜೊತೆ ಮಾತು ಬಿಡಬಹುದಿತ್ತು. ಎರಡು ತಿಂಗಳು ಒಲ್ಲೆ ಅಂದು ಅದಕ್ಕೂ ದಾರಿ ಇಲ್ಲದ ಹಾಗೆ ಮಾಡಿದ.

ಅರಿಶಿನದ ಮಧ್ಯಾಹ್ನ ಮಂಚಯ್ಯಜ್ಜ ನನ್ನನ್ನು ಕರೆದು ಕೂರಿಸಿಕೊಂಡ. ಹನ್ನೊಂದು ಮದುವೆಗೆ ಜೊತೆಗಾರನಾಗಿದ್ದ ಮುದುಕ, ಈಗ ಹೊಸಬರಿಗೆ ಬುದ್ಧಿ ಹೇಳುವುದು ಅವನ ಕೆಲಸ. ಎಲೆಗೆ ಸುಣ್ಣ ಸವರುತ್ತಾ ಹೇಳಿದ: “ಈ ದನೀಲಿ ಆಣೆ ಇಡಬ್ಯಾಡ. ನೀನು ಬೈದ್ರೆ ಅವನು ಬೈದಂಗೆ, ನೀನು ಒಪ್ಪಿದ್ರೆ ಅವನು ಒಪ್ಪಿದಂಗೆ. ಬಂದ ನೆಂಟರನ್ನ ನೀನೇ ಕರೀಬೇಕು, ಹೋಗೋರ್ನ ನೀನೇ ಕಳಿಸಬೇಕು. ನಾಳೆ ಸೀರೆ ತಕ್ಕೊಂಡು ಹೆಣ್ಣಿನ ಮನೆಗೆ ಹೋಗಿ ಬಾಗಿಲಾಚೆ ಕೂತ್ಕ. ಅವಳು ಮೂರು ಮಾತು ಕೇಳ್ತಾಳೆ, ಮೂರಕ್ಕೂ ನಿಜ ಹೇಳು. ಧಾರೆ ದಿನ ಅವನ ಮುಖಕ್ಕೆ ಮುಖ ಕೊಟ್ಟು ಎಲ್ಲಾನೂ ಒಪ್ಪಿಸ್ಬುಡು. ಬ್ಯಾರೆ ಮಾತೆಲ್ಲ ತಾವಾಗೇ ಹೊಂಟೋಯ್ತವೆ. ಹೆಸರುಗಳು ಹೋಗಕಿಲ್ಲ, ಅವನ್ನ ಒಂದೊಂದಾಗಿ ಹೇಳಿ ಕೊಡಬೇಕು. ಅದಾದ ಮ್ಯಾಲೆ ಆ ಹೆಣ್ಣು ನಿಂಗೆ ತಂಗಿ. ಅಣ್ಣ ಅಂದ್ರೆ ಓ ಅನ್ನಬೇಕು. ಇನ್ನೊಂದು, ಸೀನು ಬಂದ್ರೆ ಮೂಗು ಹಿಡ್ಕ.”

“ಸೀನಿದ್ರೆ ಏನಾಯ್ತದಜ್ಜ?”

“ಏನೂ ಆಗಕಿಲ್ಲ. ಆದ್ರೂ ಇನ್ನೊಬ್ರ ದನೀಲಿ ಸೀನೋದು ಮರ್ವಾದೆ ಅಲ್ಲ.”

“ಯಾರಾದ್ರೂ ಒಪ್ಪಿಸದೆ ಇಟ್ಕೊಂಡವ್ರಾ?” ಎಂದು ಕೇಳಿದೆ. ಕೇಳಿದ್ದು ಚಿಕ್ಕೆಂಪನ ದನಿಯಾದ್ದರಿಂದ ಅದರಲ್ಲಿ ಕಳ್ಳತನ ಇರಲಿಲ್ಲ. ಅಜ್ಜ ಎಲೆ ಮಡಿಸಿ ದವಡೆಗೆ ಇಟ್ಟುಕೊಂಡು, “ನಮ್ಮಪ್ಪನ ಕಾಲದಲ್ಲಿ ಒಬ್ಬ ಊಟಕ್ಕೆ ಮುನಿಸ್ಕೊಂಡು ದನಿ ಹೊತ್ಕೊಂಡೇ ಊರು ಬುಟ್ಟ. ಮದುಮಗ ಮೂಗನಾಗೇ ಐದು ಮಕ್ಕಳ ಸಾಕಿ ಚೆನ್ನಾಗೇ ಬಾಳ್ದ. ದನಿ ಹೊತ್ಕೊಂಡೋದೋನು ಎಷ್ಟೋ ವರ್ಸಕ್ಕೆ ವಾಪಸ್ ಬಂದು ಮನೆ ಬಾಗಿಲು ತಟ್ಟಿ ಅವ್ವಾ ಅಂದ. ಯಾರಪ್ಪಾ ನೀನು ಅಂದ್ಳು ಅವರವ್ವ” ಎಂದ.

ಆ ಸಾಯಂಕಾಲ ನಾನು ಬಾವಿಗೆ ಹೋದೆ. ನಮ್ಮದು ಎರಡು ಮನೆಗೆ ಸೇರಿದ ಜೋಡಿ ಕಪಿಲೆ ಬಾವಿ. ಒಂದು ಮಗ್ಗುಲಲ್ಲಿ ಅವನ ಎತ್ತು, ಇನ್ನೊಂದು ಮಗ್ಗುಲಲ್ಲಿ ನನ್ನವು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಇಳಿದರೆ ತೊಗಲಿನ ಚೀಲ ನೀರು ಹೊತ್ತು ಮೇಲೆ ಬರುತ್ತದೆ. ಹಿಂದಕ್ಕೆ ನಡೆದರೆ ಮತ್ತೆ ಬಾವಿಗೆ ಇಳಿಯುತ್ತದೆ. ಎತ್ತನ್ನು ಮುಂದೆ ನಡೆಸುವುದು ಯಾರಿಗೂ ಬರುತ್ತದೆ, ಹಿಂದಕ್ಕೆ ನಡೆಸಲು ದನಿ ಬೇಕು. ಚಿಕ್ಕೆಂಪ ಎತ್ತುಗಳ ಹಿಂದಿನ ಹಗ್ಗದ ಮೇಲೆ ಕೂತು ಒಂದು ಸಾಲು ಹಾಡಿದರೆ ಅವನ ಎತ್ತಷ್ಟೇ ಅಲ್ಲ, ಪಕ್ಕದ ನನ್ನ ಎತ್ತುಗಳೂ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದವು. ನಾನು ಕೂಗಿದರೆ ನನ್ನ ಎಡಗಡೆಯ ಎತ್ತು, ಇದು ನಿಜವೋ ಸುಳ್ಳೋ ಅನ್ನುವ ಹಾಗೆ ಕಿವಿ ಒದರಿ ನಿಲ್ಲುತ್ತಿತ್ತು. ಮೇವು ಹಾಕುವವನು ನಾನು, ಮೈ ತೊಳೆಯುವವನು ನಾನು. ಆವತ್ತು ಅವನ ದನಿಯಲ್ಲಿ ಒಂದು ಸಾಲು ಎತ್ತಿದೆ. ಎಡಗಡೆಯದು ಮದುವಣಗಿತ್ತಿಯ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂತು. ನನಗೆ ಸಂತೋಷವಾಗಬೇಕಿತ್ತು. ಬಾರುಕೋಲಿನಿಂದ ಒಂದು ಬಿಟ್ಟೆ.

ಮನೆಗೆ ಬಂದರೆ ಅವ್ವ ನಾನು ಮಾತಾಡಿದ್ದನ್ನು ಕೇಳುತ್ತಾ ಮುದ್ದೆ ತಿರುವುವುದು ಮರೆತಳು. “ಇನ್ನೊಂದ್ಸಲ ಹೇಳ್ಲಾ, ಏನಂದೆ?” ಅಂದಳು. ಸಾರಿಗೆ ಉಪ್ಪು ಕಮ್ಮಿ ಅಂದಿದ್ದೆ ಅಷ್ಟೇ. “ಹಿಂಗೆ ಬಾಯ್ಬುಟ್ಟಿದ್ರೆ ಅವತ್ತೇ ಸೊಸೆ ಬತ್ತಿದ್ಳು” ಎಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ಉಪ್ಪಿನ ಮಡಕೆ ಹುಡುಕುವವಳ ಹಾಗೆ ಆ ಕಡೆ ತಿರುಗಿದಳು.

ಮರುದಿನ ಮಧ್ಯಾಹ್ನ ಸೀರೆ, ಅರಿಶಿನ, ಕುಂಕುಮ ಹೊತ್ತು ಹೊಳೆಯಾಚೆಗೆ ಹೋದೆ. ಅದೇ ಮನೆ, ಅದೇ ಬಾಗಿಲು. ಈ ಸಲ ಬಾಗಿಲು ಪೂರ್ತಿ ಮುಚ್ಚಿತ್ತು. ಹೆಬ್ಬೆರಳೂ ಕಾಣಲಿಲ್ಲ. ಅವಳು ಒಳಗಿನಿಂದ ಕೇಳಿದಳು: “ಮನೇಲಿ ಯಾರಿಗೆ ಕ್ವಾಪ ಜಾಸ್ತಿ?”

“ನಮ್ಮಪ್ಪಂಗೆ. ಆದ್ರೆ ಉಂಡ ಮ್ಯಾಲೆ ಇರಕಿಲ್ಲ” ಅಂದೆ. ಚಿಕ್ಕೆಂಪನ ಅಪ್ಪ ಹಾಗೆಯೇ.

“ಹೊಲಕ್ಕೆ ಬುತ್ತಿ ಎಷ್ಟೊತ್ತಿಗೆ ತರ್ಬೇಕು?”

“ಹೊತ್ತು ನೆತ್ತಿಗೆ ಬರೋ ಮುಂಚೆ. ಎತ್ತು ಬಿಚ್ಚೋ ಹೊತ್ತಿಗೆ.”

ಮೂರನೆಯದು ಇನ್ನೂ ಬಾಕಿ ಇತ್ತು. ಅವಳ ಅವ್ವ ಜಗಲಿಯಿಂದ, “ಕೇಳವ್ವ ಬಿರ್ರನೆ, ಹುಡುಗ ಉಣ್ಣಬೇಕು” ಅಂದಳು. ಬಾಗಿಲ ಹಿಂದಿನಿಂದ ಸಣ್ಣಗೆ ಬಂತು: “ನನ್ನ ಹೆಸರು ಒಂದ್ಸಲ ಹೇಳಿ.”

“ದ್ಯಾವೀರಿ” ಅಂದೆ.

ಒಳಗೆ ಬಳೆ ಸದ್ದಾಯಿತು. ಅವಳು ಹಣೆಯನ್ನೋ ಕೆನ್ನೆಯನ್ನೋ ಬಾಗಿಲಿಗೆ ಒತ್ತಿಕೊಂಡಿರಬೇಕು, ಹಲಗೆ ಕಿರ್ರೆಂದಿತು. ನಕ್ಕಳು. ನಗು ಅನ್ನುವುದಕ್ಕಿಂತ ತುಂಬಿದ ಬಿಂದಿಗೆ ಕೆಳಗಿಟ್ಟವರು ಬಿಡುವ ಉಸಿರಿನ ಹಾಗಿತ್ತು. ಆ ದನಿಯಲ್ಲಿ ಅವಳ ಹೆಸರನ್ನು ಮೊಟ್ಟಮೊದಲು ಹೇಳಿದ್ದು ನನ್ನ ಬಾಯಿ. ಆದರೆ ಅವಳು ಆ ಉಸಿರು ಬಿಟ್ಟಿದ್ದು ನಮ್ಮೂರಿನ ಚಪ್ಪರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತವನಿಗೆ. ನನಗೆ ಹಾಕಿದ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಜೊತೆಗಾರ ಹೆಚ್ಚು ತಿನ್ನಬಾರದು ಅಂತ ಇವನಿಗೆ ಗೊತ್ತಿದೆ, ಒಳ್ಳೆಯ ಹುಡುಗ ಎಂದರು ಅವರ ಮನೆಯವರು.

ಧಾರೆಯ ದಿನ ಬೆಳಿಗ್ಗೆ ಚಪ್ಪರದ ಮೂಲೆಯಲ್ಲಿ ಒಂದು ಪಂಚೆ ಅಡ್ಡ ಹಿಡಿದು ನಮ್ಮಿಬ್ಬರನ್ನು ಎದುರುಬದುರು ಕೂರಿಸಿದರು. ಮಂಚಯ್ಯಜ್ಜ ಪಕ್ಕದಲ್ಲಿ ಕಿವಿಗೆ ಅಂಗೈ ಆನಿಸಿ ಕೂತ. ನಾನು ಒಪ್ಪಿಸತೊಡಗಿದೆ. ಮೊದಲು ಮನೆದೇವರ ಹೆಸರು, ಆಮೇಲೆ ಅಪ್ಪನದು, ಅವ್ವನದು, ಸೋದರತ್ತೆಯದು. ಒಂದೊಂದು ಹೇಳಿದಾಗಲೂ ಚಿಕ್ಕೆಂಪನ ಗಂಟಲ ಗೋಲಿ ಒಂದು ಸಲ ಮೇಲೆ ಹೋಗಿ ಇಳಿಯುತ್ತಿತ್ತು. ಎತ್ತುಗಳ ಹೆಸರು, ಹೊಲಗಳ ಹೆಸರು, ಜೊತೆಗೆ ಆಡಿದವರ ಹೆಸರು. ‘ಬೋರಲಿಂಗ’ ಎಂದು ನನ್ನ ಹೆಸರನ್ನೂ ಅವನ ದನಿಯಲ್ಲೇ ಹೇಳಿ ಕೊಟ್ಟೆ. ಅವನ ಕಣ್ಣು ತುಂಬಿತು. ಇನ್ನು ಉಳಿದದ್ದು ಒಂದೇ. ಅದು ನಾಲಿಗೆಯ ಕೆಳಗೆ ಇತ್ತು. ಅವನು ಕಾಯುತ್ತಿದ್ದ.

ನಾನು ಬಾಯಿ ಮುಚ್ಚಿದೆ.

“ಎಲ್ಲಾ ಆಯ್ತೇನ್ಲಾ?” ಎಂದ ಅಜ್ಜ.

“ಆಯ್ತಜ್ಜ” ಅಂದೆ. ಆ ಮಾತು ನನ್ನ ಒಡಕು ದನಿಯಲ್ಲೇ ಬಂತು. ಅಜ್ಜ ಅದನ್ನು ಕೇಳಿ, ದನಿ ಅವನಿಗೆ ವಾಪಸ್ ಹೋಯಿತೆಂದು ತೃಪ್ತಿಯಾಗಿ, ಪಂಚೆ ತೆಗೆಸಿದ.

ಸಾಯಂಕಾಲ ಹೆಣ್ಣು ಮನೆ ತುಂಬುವಾಗ ಹೆಂಗಸರು ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬನ್ನಿ ಎಂದರು. ದ್ಯಾವೀರಿ ಸೆರಗು ಕಚ್ಚಿಕೊಂಡು ಗಂಡನ ಹೆಸರು ಹೇಳಿದಳು. ಚಿಕ್ಕೆಂಪ ಬಾಯಿ ತೆರೆದ. ಗಂಟಲು ಆಡಿತು, ತುಟಿ ಆಡಿತು, ಸದ್ದು ಬರಲಿಲ್ಲ. “ಮೂರು ದಿನ ಮೂಗನಾಗಿದ್ದು ಅದೇ ರೂಢಿ ಆಗೋಯ್ತು” ಎಂದಳು ಒಬ್ಬಳು. “ಹೆಂಡ್ರ ಮುಂದೆ ಈಗ್ಲೇ ಬಾಯಿ ನಿಂತೋಯ್ತಲ್ಲಪ್ಪ, ಮುಂದೆ ಹೆಂಗೆ” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು, ಅವನೂ ನಕ್ಕ. “ಇವಳೇ, ನಮ್ಮನೆಯೋಳು, ಇನ್ಯಾರು” ಎಂದು ಸೇರಿನ ಅಕ್ಕಿ ಒದೆಸಿ ಒಳಗೆ ಕರೆದುಕೊಂಡ. ಅವಳು ಮಾತ್ರ ನಗಲಿಲ್ಲ. ಕೇಳಲು ಮುಂದೆ ಚಾಚಿದ ಮುಖವನ್ನು ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ಮೆಲ್ಲಗೆ ಬಗ್ಗಿಸಿದಳು. ಹೊಸಿಲು ದಾಟುವಾಗ ಚಿಕ್ಕೆಂಪ ಒಂದು ಸಲ ನನ್ನ ಕಡೆ ನೋಡಿದ. ನಾನು ಚಪ್ಪರದ ಗಳು ಬಿಚ್ಚುವುದರಲ್ಲಿ ಇದ್ದೆ.

ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕೂಗುವುದು ಕಡಿಮೆ. ‘ಇವಳೇ’, ‘ಎಲ್ಲಿದ್ದೀಯೆ’ ಅಂದರೆ ಸಂಸಾರ ನಡೆಯುತ್ತದೆ. ಹಾಗಾಗಿ ನನ್ನ ಕಳ್ಳತನ ಯಾರಿಗೂ ಗೊತ್ತಾಗಲಿಲ್ಲ. ಬಾವಿಯ ಹತ್ತಿರ ಯಾರೂ ಇಲ್ಲದಾಗ ಒಳಕ್ಕೆ ಬಗ್ಗಿ ಆ ಹೆಸರು ಹೇಳುತ್ತಿದ್ದೆ. ಅದೊಂದು ಮಾತು ಮಾತ್ರ ಅವನ ದನಿಯಲ್ಲಿ ಬರುತ್ತಿತ್ತು. ಬಾವಿ ಅದನ್ನು ದುಂಡಗೆ ಮಾಡಿ ವಾಪಸ್ ಕೊಡುತ್ತಿತ್ತು. ಮೊದಮೊದಲು ಅದರಲ್ಲಿ ಒಂದು ಸುಖವಿತ್ತು. ಬರುಬರುತ್ತಾ ಕದ್ದ ಒಡವೆಯ ಹಾಗಾಯಿತು, ಹಾಕಿಕೊಂಡು ಬೀದಿಗೆ ಬರುವ ಹಾಗಿಲ್ಲ. ನಾಲ್ಕು ಜನರ ಎದುರು ಅವಳನ್ನು ಕರೆಯಬೇಕಾಗಿ ಬಂದರೆ ‘ಅವರು’, ‘ಚಿಕ್ಕೆಂಪನ ಮನೆಯೋರು’ ಅನ್ನುತ್ತಿದ್ದೆ. ಒಮ್ಮೆ ಹೊಂಗೆ ಮರದ ಆಚೆ ಚಿಕ್ಕೆಂಪ ಒಬ್ಬನೇ ನಿಂತು ತುಟಿ ಆಡಿಸುತ್ತಿದ್ದುದನ್ನು ಕಂಡೆ. ಕತ್ತಿನ ನರ ಉಬ್ಬಿತ್ತು. ಮತ್ತೆ ಮತ್ತೆ ಪ್ರಯತ್ನಿಸಿ, ಮುಖ ಒರೆಸಿಕೊಂಡು, ಹಗ್ಗದ ಮೇಲೆ ಬಂದು ಕೂತು ಎಂದಿನಂತೆ ಹಾಡು ಎತ್ತಿದ. ನನ್ನ ಎತ್ತೂ ಅವನ ಹಾಡಿಗೇ ಹೆಜ್ಜೆ ಹಾಕಿತು. ಹೆಸರು ಹೋದರೂ ಇವನಿಗೆ ಕಮ್ಮಿಯೇನೂ ಆಗಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಮದುವೆಯಾಗಿ ಆರು ತಿಂಗಳು. ಒಂದು ದಿನ ಹೊತ್ತು ನೆತ್ತಿಗೆ ಬರುವ ಮುಂಚೆ ದ್ಯಾವೀರಿ ಬುತ್ತಿ ತಂದಳು. ಚಿಕ್ಕೆಂಪ ಎತ್ತು ಬಿಚ್ಚಿ ಹೊಲದ ಆ ತುದಿಯಲ್ಲಿ ಕಾಲುವೆಗೆ ಮಣ್ಣು ಕೊಟ್ಟು ನೀರು ತಿರುಗಿಸುತ್ತಿದ್ದ. ಅವಳು ಬುಟ್ಟಿ ತಲೆಯ ಮೇಲೇ ಇಟ್ಟುಕೊಂಡು ಬಾವಿಯ ದಿಬ್ಬದ ಕೆಳಗೆ ನಿಂತಳು.

“ಅಣ್ಣ.”

“ಓ” ಅಂದೆ, ಅಜ್ಜ ಹೇಳಿಕೊಟ್ಟ ಹಾಗೆ.

“ನನ್ನ ಹೆಸರು ಒಂದ್ಸಲ ಹೇಳು.”

ನಾನು ಹಗ್ಗದ ಸಿಕ್ಕು ಬಿಡಿಸತೊಡಗಿದೆ. ಅದರಲ್ಲಿ ಸಿಕ್ಕು ಇರಲಿಲ್ಲ.

“ಊರ ನಾಯಿಗೂ ನನ್ನ ಹೆಸರು ಗೊತ್ತು” ಎಂದಳು ಅವಳು. “ಕೆರೆ ತಾವ ಹೆಂಗಸ್ರು ಕೂಗ್ತರೆ, ಮಂಚಯ್ಯಜ್ಜ ಕೂಗ್ತನೆ, ನಿಮ್ಮವ್ವ ಕೂಗ್ತಳೆ. ನೀನೊಬ್ಬನೇ ‘ಅವರು’ ಅನ್ನೋನು. ನಾನೇನ್ ನಿಂಗೆ ಅತ್ತೆಯಾ?”

“ಮರ್ವಾದೆಗೆ ಅಂದೆ.”

“ಹೇಳಬಾರ್ದು ಅಂತ ಹೇಳ್ದೆ ಇರೋ ಗಂಡಸ್ರು ಬ್ಯಾರೆ, ಅಣ್ಣ. ಇವ್ರು ದಿನಾ ಹೇಳಕ್ಕೋಗಿ ನಿಂತೋಯ್ತರೆ. ಮಜ್ಜಿಗೆ ಕಡೀವಾಗ ಹಿಂದಿಂದ ಬಂದು ನಿಂತ್ಕೋತರೆ, ಬಾಯ್ ತೆಗೀತರೆ, ಸುಮ್ಕೆ ಹೊಂಟೋಯ್ತರೆ. ನಾನು ಇಷ್ಟು ದಿನ ನನ್ನಲ್ಲೇ ಏನೋ ಐಬು ಇರ್ಬೇಕು ಅನ್ಕೊಂಡಿದ್ದೆ.” ಅವಳು ಬುಟ್ಟಿಗೆ ಆನಿಸಿದ್ದ ಕೈ ಬದಲಾಯಿಸಿದಳು. “ಅವತ್ತು ಬಾಗ್ಲ ತಾವ ಹೇಳ್ದೋನು ನೀನಲ್ವಾ? ಇನ್ನೂ ನಿನ್ನ ತಾವ್ಲೇ ಅದೆ.”

ಇಲ್ಲ ಅನ್ನಬಹುದಿತ್ತು. ನನ್ನ ದನಿಯಲ್ಲಿ ಸುಳ್ಳು ಹೇಳಲು ಯಾವ ಕಟ್ಟೂ ಇರಲಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ. “ನಿಮ್ಮನೆಗೆ ಹೆಣ್ಣು ನೋಡಕ್ಕೆ ಬಂದಿದ್ದು ನಾನು. ಗೊತ್ತಾ?”

“ಆಮ್ಯಾಲೆ ಗೊತ್ತಾಯ್ತು.”

“ಅವತ್ತು ನಾನೇ ಮಾತಾಡಿದ್ದಿದ್ರೆ?”

ಅವಳು ನನ್ನ ಮುಖವನ್ನೇ ನೋಡಿದಳು. ಕೋಪ ಇರಲಿಲ್ಲ, ಕರುಣೆಯೂ ಇರಲಿಲ್ಲ. “ನೀನು ಮಾತಾಡ್ಲಿಲ್ವಲ್ಲಣ್ಣ” ಎಂದಳು.

ಅವಳು ಹೊಲದ ಆ ತುದಿಗೆ ಗಲ್ಲ ತೋರಿಸಿದಳು. “ನಾನು ಈ ಬದು ಹಿಡ್ಕೊಂಡು ಹೋಯ್ತೀನಿ. ಅರ್ಧ ದಾರಿ ಹೋದ ಮ್ಯಾಲೆ ಅವರ ಕಡೀಕೆ ಮುಖ ಮಾಡಿ ಕೂಗ್ಬುಡು. ಯಾರಿಗೂ ಹೇಳಕಿಲ್ಲ ನಾನು.” ನನ್ನ ಉತ್ತರಕ್ಕೆ ಕಾಯದೆ ನಡೆದಳು.

ನಾನು ದಿಬ್ಬದ ಮೇಲೆ ನಿಂತೆ. ಬದುವಿನ ಮೇಲೆ ಅವಳು ಸಣ್ಣಗಾಗುತ್ತಾ ಹೋದಳು. ಅವಳ ಆಚೆ ಚಿಕ್ಕೆಂಪ ಗುದ್ದಲಿ ಊರಿಕೊಂಡು ಬೆನ್ನು ನೀವಿಕೊಳ್ಳುತ್ತಿದ್ದ. ಅರ್ಧ ದಾರಿ ಆಯಿತು. ಅರ್ಧ ದಾಟಿತು. ಸುಮ್ಮನೆ ಇದ್ದುಬಿಟ್ಟರೆ ಅವಳು ತಿರುಗಿ ಕೇಳುವವಳಲ್ಲ, ಮತ್ತೆಂದೂ ನನ್ನನ್ನು ಅಣ್ಣ ಅನ್ನುವವಳೂ ಅಲ್ಲ. ಅದು ನನಗೆ ಬೇಕಾದದ್ದೇ ಅಲ್ಲವೇ ಅನ್ನಿಸಿತು. ಚಿಕ್ಕೆಂಪ ಅವಳನ್ನು ಕಂಡು ಗುದ್ದಲಿ ಬಿಟ್ಟು ಬಾಯಿ ತೆರೆದ. ಅಷ್ಟು ದೂರದಿಂದಲೂ ಕಂಡಿತು. ತೆರೆದ ಬಾಯಿ ಹಾಗೇ ಉಳಿಯಿತು.

“ದ್ಯಾವೀರೀ” ಎಂದು ಕೂಗಿದೆ.

ಕೂಗಿಸಿದವಳು ಅವಳೇ. ಕೂಗುವವನು ಯಾರು ಅಂತಲೂ ಅವಳಿಗೆ ಗೊತ್ತು. ಆದರೂ ಆ ದನಿ ಕಿವಿಗೆ ಬಿದ್ದದ್ದೇ ತಡ, ಬುಟ್ಟಿಗೆ ಒಂದು ಕೈ ಕೊಟ್ಟು ಗಕ್ಕನೆ ತಿರುಗಿದಳು. ತಿರುಗಿದ್ದು ನನ್ನ ಕಡೆ. ಅವಳ ಮುಖ ಪೂರ್ತಿ ಅರಳಿತ್ತು. ಅಂದು ಬಾಗಿಲ ಹಲಗೆಯ ಹಿಂದೆ ನನಗೆ ಕಾಣದೆ ಹೋದ ಮುಖ ಅದೇ ಇರಬೇಕು. ಎಣಿಸಿದರೆ ಮೂರು ಉಸಿರು ಅದು ನನ್ನ ಕಡೆಗಿತ್ತು. ಅಷ್ಟರಲ್ಲಿ ಹೊಲದ ಆ ತುದಿಯಿಂದ ಅದೇ ಹೆಸರು, ಅದೇ ದನಿಯಲ್ಲಿ ಬಂತು. ಅವಳು ಆ ಕಡೆ ತಿರುಗಿದಳು. ಚಿಕ್ಕೆಂಪ ಮತ್ತೆ ಕೂಗಿದ, ಮತ್ತೆ ಕೂಗಿದ. ಪಕ್ಕದ ಹೊಲದವರು ಇವನಿಗೇನಾಯಿತು ಎಂದು ಕುಡುಗೋಲು ಹಿಡಿದೇ ಎದ್ದು ನಿಂತು ನೋಡಿದರು.

ನಾನು ಬಾವಿಗೆ ಬಗ್ಗಿ ಆ ಹೆಸರು ಹೇಳಿ ನೋಡಿದೆ. ನನ್ನ ಒಡಕು ದನಿ ವಾಪಸ್ ಬಂತು.

ಊಟ ಮಾಡಿ ಬಂದ ಚಿಕ್ಕೆಂಪ ನನ್ನ ಪಕ್ಕ ಕೂತು ಎಲೆ ಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಇಟ್ಟ. ತಾನೊಂದು ಎಲೆ ಒರೆಸುತ್ತಾ, “ಒಂದಾದ್ರೂ ಇಟ್ಕೋತೀಯ ಅಂತ ಗೊತ್ತಿತ್ತು ಕಣ್ಲಾ” ಅಂದ.

“ಗೊತ್ತಿದ್ದೂ ಯಾಕ್ಲಾ ನನ್ನನ್ನೇ ಕರೆದೆ?”

“ಬ್ಯಾರೆಯೋರಾದ್ರೆ ಎಲ್ಲಾ ಇಟ್ಕೊಬುಡೋರು” ಎಂದು ನಕ್ಕು, ಸುಣ್ಣದ ಡಬ್ಬಿ ನನ್ನ ಕಡೆ ದೂಡಿದ. ಅವನು ಎರಡು ಬೈಗುಳ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕ್ಷಮಿಸುವುದರಲ್ಲೂ ಇವನೇ ಮುಂದಾದನಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಎಲೆ ಮಾತ್ರ ತೆಗೆದುಕೊಂಡೆ.

ಸಾಯಂಕಾಲ ಎತ್ತು ಹೂಡಿದಾಗ ಅವನು ಹಾಡು ಎತ್ತುವ ಮೊದಲೇ ನಾನು ಕೂಗಿದೆ. ಬಲಗಡೆಯದು ಹಿಂದಕ್ಕೆ ಹೆಜ್ಜೆ ಇಟ್ಟಿತು. ಎಡಗಡೆಯದು ಕಿವಿ ಒದರಿ, ಚಿಕ್ಕೆಂಪನ ಕಡೆಗೊಂದು ಸಲ ನೋಡಿ, ಅಲ್ಲಿಂದ ಏನೂ ಬರದಿದ್ದಾಗ, ಒಲ್ಲದ ಮನಸ್ಸಿನಿಂದ ಕಾಲು ತೆಗೆಯಿತು. ಇವತ್ತಿಗೂ ಅದು ಹಾಗೆಯೇ. ನಾನು ಕೂಗುತ್ತೇನೆ, ಅದು ಕಾಯುತ್ತದೆ, ಆಮೇಲೆ ಬರುತ್ತದೆ.